ಎಡ ಪುಟದ ತಾರೀಖುಗಳು

“ಇವತ್ತು ಯಾರು ಹುಟ್ಟಿದ ದಿನ ಗೊತ್ತಾ ಅಕ್ಕಾ?” ಅಂತ ಕಾಂಪೌಂಡಿನ ಈಚೆಯಿಂದ ನಾನು ಕೇಳಿದರೆ, “ಯಾರಾದ್ರೂ ಹುಟ್ಟಿರ್ಲಿ, ಇವತ್ತು ನೀರು ಬಿಡೋ ದಿನ, ಮೊದ್ಲು ಸಂಪಿನ ಮುಚ್ಚಳ ತೆಗಿ” ಅಂತ ಆಚೆಯಿಂದ ಉತ್ತರ ಬರುತ್ತದೆ. ಪಕ್ಕದ ಮನೆಯ ಅಕ್ಕ ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯವರು. ತಂದೆ ಚಾಂಪಿಯನ್ ರೀಫ್ ಚಿನ್ನದ ಗಣಿಯೊಳಗೆ ಇಳಿದು ದುಡಿದವರು. ಮನೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಕಲಿತ ಅಕ್ಕನಿಗೆ ಸಿಟ್ಟು ಬಂದರೆ ಮೂರೂ ಭಾಷೆ ಒಟ್ಟಿಗೇ ಬರುತ್ತವೆ.

ನನಗೆ ಊರು ಸುತ್ತುವ ಹುಚ್ಚು. ಜೇಬಿನಲ್ಲೊಂದು ಪುಟ್ಟ ನೋಟ್‌ಬುಕ್ಕು. ಎಡ ಪುಟದಲ್ಲಿ ಆ ತಾರೀಖಿನಂದು ಹಿಂದೆ ಯಾವತ್ತೋ ನಡೆದದ್ದು, ಬಲ ಪುಟದಲ್ಲಿ ಆವತ್ತು ನಾನು ಕಂಡದ್ದು, ತಿಂದದ್ದು. ಬಂಗಾರಪೇಟೆ, ಕೆ.ಜಿ.ಎಫ್. ಕಡೆಗೆ ಹೋದಾಗ ಮಾತ್ರ ಎಡ ಪುಟ ತುಂಬಿ ಬಲಕ್ಕೆ ಹರಿಯುತ್ತದೆ. ಕರ್ನಾಟಕದಲ್ಲಿ ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ತಾರೀಖು ತುಂಬಿಕೊಂಡ ಇನ್ನೊಂದು ಊರನ್ನು ನಾನಂತೂ ನೋಡಿಲ್ಲ.

ರೈಲು ಹತ್ತಿದಲ್ಲಿಂದಲೇ ಶುರು. ಬೆಂಗಳೂರು ಕಂಟೋನ್ಮೆಂಟಿನಿಂದ ಜೋಲಾರಪೇಟೆಗೆ ಹೋಗುವ ಈ ಹಾದಿ ತೆರೆದದ್ದು 1864ರ ಆಗಸ್ಟ್ 1ರಂದು. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅಂತಲೇ ಹೆಸರು. ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಅವರದು. ದಾರಿಯಲ್ಲಿ ಮಾಲೂರು ಬರುತ್ತದೆ. ಮಾಲೂರು ಬಂದರೆ ನಾನು ಪಕ್ಕದಲ್ಲಿ ಕೂತವರನ್ನು ಸುಮ್ಮನೆ ಬಿಡುವುದಿಲ್ಲ. ಈ ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡದ್ದು 1986ರ ಜೂನ್ 6. ತೊಂಬತ್ತೈದು ತುಂಬಿಸಿ, ಬಂದ ತಾರೀಖಿಗೇ ಲೆಕ್ಕ ಚುಕ್ತಾ ಮಾಡಿ ಹೋದರು! ಸರ್ಕಾರಿ ಕೆಲಸದಲ್ಲಿ ಅಷ್ಟು ವರ್ಷ ಶಿಸ್ತಾಗಿ ದುಡಿದವರ ಜೀವನದ ಲೆಕ್ಕವೂ ಒಂದು ದಿನ ಹೆಚ್ಚುಕಡಿಮೆ ಆಗಲಿಲ್ಲ ಅಂತ ನಾನು ಹೇಳಿದಾಗ, ಎದುರು ಸೀಟಿನಲ್ಲಿ ಹೂವಿನ ಮೂಟೆ ಇಟ್ಟುಕೊಂಡಿದ್ದ ಅಜ್ಜಿ, “ಪುಣ್ಯಾತ್ಮ, ತಿಥಿಗೂ ಹುಟ್ಟಿದಬ್ಬಕ್ಕೂ ಒಂದೇ ಖರ್ಚು” ಅಂದರು. ಆ ಮಾತು ಬಲ ಪುಟದಲ್ಲಿದೆ.

ಬಂಗಾರಪೇಟೆಯಲ್ಲಿ ಇಳಿದರೆ ಪಾನಿಪುರಿ. ಇಲ್ಲಿನದರ ನೀರು ಹಸಿರಲ್ಲ, ಕಂದಲ್ಲ. ಬಣ್ಣವೇ ಇಲ್ಲದ ತಿಳಿನೀರು. ಮೊದಲ ಸಲ ತಿನ್ನುವವರು ಮಸಾಲೆ ಹಾಕುವುದನ್ನು ಮರೆತರೇನೋ ಅಂತ ಅಂಗಡಿಯವರ ಮುಖ ನೋಡುತ್ತಾರೆ. ಬಾಯಿಗೆ ಹಾಕಿಕೊಂಡ ಮೇಲೆ ಕಣ್ಣಲ್ಲೂ ನೀರು, ಮೂಗಲ್ಲೂ ನೀರು. ಬೆಂಗಳೂರಿನ ಬೀದಿಗಳಲ್ಲಿ ‘ಬಂಗಾರಪೇಟೆ ಚಾಟ್ಸ್’ ಅಂತ ಬೋರ್ಡು ಕಂಡಲ್ಲೆಲ್ಲ ನಾನು ತಿಂದಿದ್ದೇನೆ, ಮೂಲ ಮೂಲವೇ. ಈ ನೀರನ್ನು ಮೊದಲು ಮಾಡಿದ ತಾರೀಖು ಎಡ ಪುಟಕ್ಕೆ ಸಿಕ್ಕರೆ ಅದಕ್ಕೂ ಒಂದು ಜಾತ್ರೆ ಮಾಡಬಹುದು.

ಬಂಗಾರಪೇಟೆಯಿಂದ ಗಣಿಯ ಕಡೆಗೆ ಕವಲೊಡೆಯುವ ರೈಲು ಹಾದಿ 1894ರದು. ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ ಅಂತ ಸ್ಟೇಷನ್ನುಗಳ ಹೆಸರು ಓದುತ್ತಾ ಹೋದರೆ ಸಾಕು, ಯಾರ‍್ಯಾರು ಬಂದು ಹೋದರು ಅನ್ನುವುದು ತಿಳಿಯುತ್ತದೆ. ಮಾರಿಕುಪ್ಪಂ ಅಂದಾಗ ನನಗೆ ನೆನಪಾಗುವುದು ಜಾನ್ ವಾರನ್. 1802ರಲ್ಲಿ ಮೈಸೂರು ಸೀಮೆಯ ಸರ್ವೆ ಮಾಡುತ್ತಾ ಈ ಕಡೆ ಬಂದ ಸೈನ್ಯದ ಲೆಫ್ಟಿನೆಂಟ್. ಇಲ್ಲಿ ಮಣ್ಣಿನಲ್ಲಿ ಚಿನ್ನ ಸಿಗುತ್ತದಂತೆ ಅನ್ನುವ ಮಾತು ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಅಂದ. ಊರಿನವರು ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು, ಅವನ ಎದುರೇ ತೊಳೆದು, ತಳದಲ್ಲಿ ಮಿನುಗುವ ಚೂರು ತೋರಿಸಿದರು. ಅವರ ಅಜ್ಜ ಮುತ್ತಜ್ಜರ ಕಾಲದಿಂದ ನಡೆದು ಬಂದ ಕಸುಬು ಅದು. ಪುಸ್ತಕದಲ್ಲಿ ಉಳಿದದ್ದು ವಾರನ್ ಹೆಸರು. ಮಣ್ಣು ತೊಳೆದ ಕೈಗಳವರ ಒಂದು ಹೆಸರೂ ಇಲ್ಲ. ಇದನ್ನು ಹೇಳಿದಾಗ ಅಕ್ಕ ಬಟ್ಟೆ ಹಿಂಡುವುದನ್ನು ನಿಲ್ಲಿಸಿ, “ಬಹುಮಾನ ಕೊಟ್ನಾ?” ಅಂತ ಕೇಳಿದರು. ಸರಿಯಾದ ಪ್ರಶ್ನೆ.

ಇದೇ ವಾರನ್ ಕಥೆ ಇನ್ನೂ ಇದೆ. ಮುಂದೆ ಅವನು ಮದ್ರಾಸಿನ ವೀಕ್ಷಣಾಲಯದಲ್ಲಿ ನಕ್ಷತ್ರ ನೋಡುವ ಕೆಲಸಕ್ಕೆ ನಿಂತ, 1807ರ ಧೂಮಕೇತುವನ್ನು ಅಳೆದ. 1825ರಲ್ಲಿ ‘ಕಾಲಸಂಕಲಿತ’ ಅನ್ನುವ ದೊಡ್ಡ ಪುಸ್ತಕ ಅಚ್ಚು ಹಾಕಿಸಿದ. ದಕ್ಷಿಣ ದೇಶದ ಜನ ದಿನ, ತಿಥಿ, ಮಾಸ, ಸಂವತ್ಸರಗಳನ್ನು ಹೇಗೆ ಲೆಕ್ಕ ಹಾಕುತ್ತಾರೆ ಅನ್ನುವುದೇ ಅದರ ವಿಷಯ. ಕೋಲಾರದ ಚಿನ್ನದ ಸುದ್ದಿ ಬರೆದ ಮನುಷ್ಯನೇ ನಮ್ಮ ಪಂಚಾಂಗದ ಬಗ್ಗೆಯೂ ಬರೆದ! ತಾರೀಖು ಕಲೆಹಾಕುವ ನನ್ನಂಥವನಿಗೆ ಇವನಿಗಿಂತ ಒಳ್ಳೆಯ ಜೊತೆಗಾರ ಬೇಕೆ? ಪಾಂಡಿಚೇರಿಯಲ್ಲಿ ತೀರಿಕೊಂಡ ಅವನ ಗೌರವಕ್ಕೆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೆಸರು ಬರೆದಿದ್ದೇನೆ.

ಫೆಬ್ರವರಿ 2ಕ್ಕೆ ಲ್ಯಾವೆಲ್. ಬೆಂಗಳೂರಿನ ಲ್ಯಾವೆಲ್ ರಸ್ತೆಯಲ್ಲಿ ಕಾಫಿ ಕುಡಿಯುವವರಲ್ಲಿ ಎಷ್ಟು ಜನಕ್ಕೆ ಗೊತ್ತೋ, ಆ ಹೆಸರಿನವನು ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರಕ್ಕೆ ಹೋದ ನಿವೃತ್ತ ಐರಿಷ್ ಸಿಪಾಯಿ. ನ್ಯೂಜಿಲೆಂಡಿನ ಯುದ್ಧದಲ್ಲಿದ್ದಾಗ ಚಿನ್ನದ ಹುಚ್ಚು ಹತ್ತಿಸಿಕೊಂಡು ಬಂದವನು. ಅಗೆಯಲು ಅಪ್ಪಣೆ ಕೊಡಿ ಅಂತ 1873ರಲ್ಲಿ ಅರ್ಜಿ ಹಾಕಿದಾಗ, ಕಲ್ಲಿದ್ದಲು ಬೇಕಾದರೆ ಹುಡುಕಿಕೋ ಅಂದರಂತೆ ಅಧಿಕಾರಿಗಳು. ಅವನು ಪಟ್ಟು ಬಿಡಲಿಲ್ಲ. 1875ರ ಫೆಬ್ರವರಿ 2ರಂದು ಇಪ್ಪತ್ತು ವರ್ಷದ ಹಕ್ಕು ಕೈಗೆ ಬಂತು. ಆದರೆ ಭೂಮಿಯ ಹೊಟ್ಟೆ ಬಗೆಯುವಷ್ಟು ದುಡ್ಡು ಒಬ್ಬನ ಹತ್ತಿರ ಎಲ್ಲಿಂದ ಬರಬೇಕು? ಹಕ್ಕು ಕೈ ಬದಲಾಯಿಸಿ, 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಇದು ಗಣಿ ಅನ್ನುವಂಥ ಗಣಿಯಾಯಿತು.

ಈಗ ಜೂನ್ 30. ನನ್ನ ನೋಟ್‌ಬುಕ್ಕಿನಲ್ಲಿ ಈ ದಿನಕ್ಕೆ ಕೆಂಪು ಮಸಿ.

1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ತೆಗೆದ ಕರೆಂಟು ಸುಮಾರು 147 ಕಿ.ಮೀ. ತಂತಿ ಹಿಡಿದು ಕೆ.ಜಿ.ಎಫ್. ತಲುಪಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೊಂದು. ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಯೋಜನೆ ಮಾಡಿದರು, ದಿವಾನ್ ಶೇಷಾದ್ರಿ ಅಯ್ಯರ್ ಅದರ ಬೆನ್ನಿಗೆ ನಿಂತರು, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳು ಬಂದವು. ದೀಪ ಹತ್ತುವುದನ್ನು ನೋಡಲು ದಿವಾನರೇ ಇರಲಿಲ್ಲ. 1901ರ ಸೆಪ್ಟೆಂಬರ್ 13ರಂದು ತೀರಿಕೊಂಡಿದ್ದರು. ಇದನ್ನು ಬರೆಯುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇನ್ನೊಂದು ಹತ್ತು ತಿಂಗಳು ಆಯುಸ್ಸು ಇದ್ದಿದ್ದರೆ!

ಬೆಂಗಳೂರಿಗೆ ಕರೆಂಟು ಬಂದದ್ದು ಮೂರು ವರ್ಷ ಆದಮೇಲೆ, 1905ರ ಆಗಸ್ಟ್ 5ಕ್ಕೆ. ಅಕ್ಕನಿಗೆ ಇದು ಬಾಯಿಪಾಠ. ನಮ್ಮ ಬೀದಿಯಲ್ಲಿ ಪವರ್ ಕಟ್ ಆದ ತಕ್ಷಣ ಕಾಂಪೌಂಡಿನ ಮೇಲೆ ಮೊಣಕೈ ಇಟ್ಟು, “ನಿಮ್ ಬೆಂಗ್ಳೂರಲ್ಲಿ ಸೀಮೆಎಣ್ಣೆ ದೀಪ ಒರೆಸ್ತಾ ಇದ್ದಾಗ ನಮ್ಮೂರಲ್ಲಿ ಕರೆಂಟಿತ್ತಪ್ಪಾ” ಅಂತ ಶುರು ಮಾಡುತ್ತಾರೆ. ಕರೆಂಟು ಮತ್ತೆ ಬರುವವರೆಗೂ ಮಾತು ನಿಲ್ಲುವುದಿಲ್ಲ. ಒಂದು ಸಲ ತಾವೇ ದನಿ ಇಳಿಸಿ ಹೇಳಿದರು: “ಮೊದ್ಲು ಬಂದಿದ್ದು ಮೆಷಿನ್‌ಗಳಿಗೆ. ನಮ್ಮ ಲೈನ್ ಮನೆಗೆ ಬಂದಿದ್ದು ಯಾವತ್ತು ಅಂತ ನಮ್ಮಮ್ಮನಿಗೆ ಗೊತ್ತಿತ್ತು. ಅದನ್ನ ನಿನ್ನ ಬುಕ್ಕಲ್ಲಿ ಬರೀಬೇಕಿತ್ತು.”

ಅದೇ ಜೂನ್ 30ಕ್ಕೆ ಇನ್ನೊಂದು ನಂಟು. 1925ರ ಆ ದಿನ ನಂಜನಗೂಡಿನಲ್ಲಿ ಒಂದು ಮಗು ಹುಟ್ಟಿತು: ಬಿ. ವಿ. ಶ್ರೀಕಂಠನ್. ಹೋಮಿ ಭಾಭಾ ಅವರ ಟಾಟಾ ಸಂಶೋಧನಾ ಸಂಸ್ಥೆ ಸೇರಿದ ಆ ಹುಡುಗ 1951ರಲ್ಲಿ ಉಪಕರಣ ಹೊತ್ತುಕೊಂಡು ಬಂದು ಇಳಿದದ್ದು ಇದೇ ಗಣಿಯೊಳಕ್ಕೆ. ಕಾವೇರಿ ಕರೆಂಟು ಬಂದ ತಾರೀಖಿನಲ್ಲೇ, ಕಾವೇರಿಯ ಉಪನದಿ ಕಬಿನಿಯ ದಡದಲ್ಲಿ ಹುಟ್ಟಿದವರು ಕೆ.ಜಿ.ಎಫ್.ಗೆ ಬಂದರು. ಪಂಚಾಂಗ ಬರೆದ ವಾರನ್ ಇದ್ದಿದ್ದರೆ ಯೋಗ ಅನ್ನುತ್ತಿದ್ದ.

ಚಿನ್ನದ ಗಣಿಯಲ್ಲಿ ವಿಜ್ಞಾನಿಗೇನು ಕೆಲಸ ಅಂತ ಅಕ್ಕ ಕೇಳಿದರು. ಆಕಾಶದಿಂದ ಕಣಗಳು ಸದಾ ಸುರಿಯುತ್ತಿರುತ್ತವೆ. ನ್ಯೂಟ್ರಿನೊ ಅನ್ನುವ ಕಣ ಮಾತ್ರ ಎಂಥ ಬಂಡೆಯನ್ನೂ ದಾಟಿ ಹೋಗುತ್ತದೆ. ಎಲ್ಲೋ ಅಪರೂಪಕ್ಕೆ ಒಂದು ಬಂಡೆಗೆ ಡಿಕ್ಕಿ ಹೊಡೆದು ಗುರುತು ಬಿಡುತ್ತದೆ. ಬಯಲಿನಲ್ಲಿ ನಿಂತು ನೋಡಿದರೆ ಉಳಿದ ಕಣಗಳ ಗದ್ದಲದಲ್ಲಿ ಅದು ಕಾಣುವುದಿಲ್ಲ. ಎರಡು ಕಿ.ಮೀ.ಗೂ ಕೆಳಗೆ ಹೋದರೆ ಮೇಲಿನ ಬಂಡೆಯೇ ಜರಡಿಯ ಹಾಗೆ ಮಿಕ್ಕದ್ದನ್ನೆಲ್ಲ ತಡೆಯುತ್ತದೆ. ಅಷ್ಟು ಆಳದ ಗುಂಡಿ ಜಗತ್ತಿನಲ್ಲಿ ಎಲ್ಲಿತ್ತು? ಚಾಂಪಿಯನ್ ರೀಫ್‌ನಲ್ಲಿತ್ತು. ಅಕ್ಕನ ತಂದೆಯಂಥವರು ಕೊರೆದು ಕೊಟ್ಟಿದ್ದರು.

ಮುಂಬಯಿ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್ ಮೂರೂ ಕಡೆಯ ವಿಜ್ಞಾನಿಗಳು ಸೇರಿ ಅಲ್ಲಿ ಕಾದು ಕೂತರು. ಶ್ರೀಕಂಠನ್ ಇದ್ದರು, ಎಂ. ಜಿ. ಕೆ. ಮೆನನ್ ಇದ್ದರು, ಮಿಯಾಕೆ, ವುಲ್ಫೆಂಡೇಲ್ ಇದ್ದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಸಿಕ್ಕಿತು ಅಂತ ಅವರು ಬರೆದ ಲೇಖನ ಅಚ್ಚಾದದ್ದು 1965ರ ಆಗಸ್ಟ್ 15. ಕೋಲಾರದ ನೆಲದಾಳದ ಸುದ್ದಿ ಜಗತ್ತಿಗೆ ಮುಟ್ಟಿದ್ದು ಸ್ವಾತಂತ್ರ್ಯ ದಿನದಂದೇ! ಇದೇ ಹುಡುಕಾಟವನ್ನು ಫ್ರೆಡರಿಕ್ ರೈನ್ಸ್ ಅವರ ತಂಡ ದಕ್ಷಿಣ ಆಫ್ರಿಕಾದಲ್ಲಿ ನಡೆಸುತ್ತಿತ್ತು. ಅದೂ ಚಿನ್ನದ ಗಣಿಯೇ. ಅವರಿಗೆ ಮೊದಲ ಗುರುತು ಸಿಕ್ಕಿದ್ದು ಆ ವರ್ಷದ ಫೆಬ್ರವರಿಯಲ್ಲಿ. ಅವರ ಲೇಖನ ಬಂದದ್ದು ನಮ್ಮದಾಗಿ ಎರಡು ವಾರಕ್ಕೆ. ಕಂಡದ್ದು ಅವರು ಮೊದಲು, ಹೇಳಿದ್ದು ನಾವು ಮೊದಲು. ಅಕ್ಕ ಇದನ್ನು ಕೇಳಿ, “ನಮ್ಮೂರೋರು ಮಾತಲ್ಲಿ ಯಾವತ್ತೂ ಮುಂದೇನೇ” ಅಂದು ನಕ್ಕರು.

ಈ ಊರಿನ ಎಡ ಪುಟಕ್ಕೆ ಕವಿ ಡಿ.ವಿ.ಜಿ. ಅವರನ್ನೂ ಸೇರಿಸಬೇಕು. ಮುಳಬಾಗಿಲಿನಲ್ಲಿ 1887ರ ಮಾರ್ಚ್ 17ರಂದು ಹುಟ್ಟಿದ ಗುಂಡಪ್ಪನವರು ಎಳೆಯ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಬಂದು ಕೆ.ಜಿ.ಎಫ್.ನ ಸೋಡಾ ಕಾರ್ಖಾನೆಯಲ್ಲಿ ದುಡಿದಿದ್ದರು. ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ನಿಂಬೆ ಸೋಡಾ ಕುಡಿಯುವಾಗ ನಾನು ಇದನ್ನು ಅಂಗಡಿಯ ಹುಡುಗನಿಗೆ ಹೇಳಿದೆ. ಅವನು ಇನ್ನೊಂದು ಸೋಡಾ ಒಡೆದು, “ಇದು ಅವರ ಲೆಕ್ಕ, ಕುಡೀರಿ” ಅಂತ ಕೊಟ್ಟ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28. ಅದು ರಾಷ್ಟ್ರೀಯ ವಿಜ್ಞಾನ ದಿನ, 1928ರಲ್ಲಿ ಸಿ. ವಿ. ರಾಮನ್ ತಮ್ಮ ಶೋಧವನ್ನು ಸಾರಿದ ತಾರೀಖು. ಶಾಲೆಗಳಲ್ಲಿ ಮಕ್ಕಳು ವಿಜ್ಞಾನದ ಮಾದರಿ ಜೋಡಿಸಿಟ್ಟ ದಿನ, ನ್ಯೂಟ್ರಿನೊ ಹಿಡಿದು ಕೊಟ್ಟ ಊರಿನಲ್ಲಿ ಕೆಲಸ ನಿಂತಿತು. 120 ವರ್ಷದಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಜಾಗ, ಮೂರು ಕಿ.ಮೀ.ಗೂ ಕೆಳಗೆ, ಮುಟ್ಟಿದರೆ ಕೈ ಸುಡುವ ಬಂಡೆಯ ನಡುವೆ ದುಡಿದ ಜನ. ಇವತ್ತು ಆ ಮನೆಗಳ ಮಕ್ಕಳು ನಸುಕಿಗೇ ಎದ್ದು, ಸ್ವರ್ಣ ಅಂತ ಕರೆಯುವ ರೈಲು ಹತ್ತಿ ಬೆಂಗಳೂರಿಗೆ ಬಂದು ರಾತ್ರಿ ಮರಳುತ್ತಾರೆ. ಆ ರೈಲಿನಲ್ಲಿ ನಿಂತುಕೊಂಡೇ ನಿದ್ದೆ ಮಾಡುವವರನ್ನು ನೋಡಿದ್ದೇನೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬದ ಮೇಲೆ ಸಿನಿಮಾ ತೆಗೆದದ್ದನ್ನು ದೇಶವೆಲ್ಲ ನೋಡಿತು. ದಿಬ್ಬದ ಪಕ್ಕದ ಮನೆಗಳ ಮೇಲೆ ಗಾಳಿಗೆ ಬರುವ ಧೂಳನ್ನು ಅಲ್ಲಿದ್ದವರೇ ನೋಡಬೇಕು.

ಇದನ್ನೆಲ್ಲ ಕೇಳಿದ ಮೇಲೆ ಅಕ್ಕ ಹೇಳಿದ್ದು ನನ್ನ ತಲೆಯಲ್ಲಿ ಕೂತಿದೆ. “ನಿನ್ನ ಬುಕ್ಕಲ್ಲಿ ದೊರೆ, ದಿವಾನ್ರು, ಸಾಹೇಬ್ರು, ವಿಜ್ಞಾನಿ ಎಲ್ಲಾ ಅವ್ರೆ. ಏರ್ ಬ್ಲಾಸ್ಟ್ ಆದ ರಾತ್ರಿ ಗೂಡಲ್ಲಿದ್ದ ಪಾತ್ರೆ ಎಲ್ಲಾ ಬಿದ್ದು, ನಮ್ಮಮ್ಮ ಕೈಗೂಸು ಎತ್ಕೊಂಡು ಶಾಫ್ಟ್ ಹತ್ರ ಓಡಿದ್ರು. ಬೀದಿ ಹೆಂಗಸ್ರೆಲ್ಲಾ ಓಡಿದ್ರು. ಬೆಳಗಿನ ಜಾವ ಕೇಜ್ ಮೇಲೆ ಬಂತು, ನಮ್ಮಪ್ಪ ಇಳಿದ್ರು. ಆ ತಾರೀಖು ಯಾಕಿಲ್ಲ?” ಆಳದ ಬಂಡೆ ಒತ್ತಡ ತಾಳದೆ ಸಿಡಿಯುವುದಕ್ಕೆ ಅಲ್ಲಿಯವರು ಏರ್ ಬ್ಲಾಸ್ಟ್ ಅನ್ನುತ್ತಾರೆ, ಗಣಿಯ ಲಿಫ್ಟಿಗೆ ಕೇಜ್. ಎಲ್ಲರ ಅಪ್ಪಂದಿರೂ ಕೇಜಿನಿಂದ ಇಳಿದು ಬರಲಿಲ್ಲ.

ಅಕ್ಕನ ಮಾತೇ ಸರಿ. 1930ರಲ್ಲಿ ಕೆಲಸಗಾರರೆಲ್ಲ ಬೆರಳಚ್ಚು ಕೊಡಬೇಕು ಅಂತ ಕಂಪನಿಗಳು ಹೊರಟಾಗ, ಹೇಳಿಕೊಳ್ಳುವಂಥ ಸಂಘವೂ ಇಲ್ಲದ ಆ ಜನ ಒಟ್ಟಾಗಿ ಕೆಲಸ ನಿಲ್ಲಿಸಿದ್ದರು. ಅಂಥವರ ಮನೆಗಳಲ್ಲಿ ತಾರೀಖುಗಳು ಇಲ್ಲದೆ ಇರುತ್ತವೆಯೆ? ಕೆಲಸಕ್ಕೆ ಸೇರಿದ ದಿನ, ಲೈನ್ ಮನೆ ಸಿಕ್ಕಿದ ದಿನ, ಮೊದಲ ಬಲ್ಬು ಹತ್ತಿದ ದಿನ, ಅಪ್ಪ ಗಣಿಯಿಂದ ಹೊರಗೆ ಬಂದ ದಿನ, ಬಾರದೇ ಹೋದ ದಿನ. ಹೇಳುವ ಹಿರಿಯರಿಗೆ ಈಗ ವಯಸ್ಸಾಗುತ್ತಿದೆ.

ಅಕ್ಕನ ತಾಯಿಯ ಪೆಟ್ಟಿಗೆಯಲ್ಲಿದ್ದ ಹಳೆಯ ಫೋಟೊ, ಸಂಬಳದ ಚೀಟಿ ತೆಗೆಸಿ, ಅಕ್ಕ ಹೇಳಿದ್ದನ್ನು ನಾನು ಎಡ ಪುಟದಲ್ಲೇ ಬರೆದುಕೊಳ್ಳಲು ಶುರು ಮಾಡಿದ್ದೇನೆ, ಶೇಷಾದ್ರಿ ಅಯ್ಯರ್ ಅವರ ಪಕ್ಕದಲ್ಲಿ. ಕೋಲಾರ ಜಿಲ್ಲೆಯ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಬೇಡಿಕೆ: ಜೂನ್ 30ರಂದು ನಿಮ್ಮ ಮಕ್ಕಳಿಗೆ ಪಾಠ ಬಿಡಿಸಿ, ಮನೆಯ ಅಜ್ಜ ಅಜ್ಜಿಯರಿಂದ ಒಂದೊಂದು ತಾರೀಖು ಬರೆದು ತರಲು ಹೇಳಿ. ಗಣಿಯ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಶಾಲೆಯವರು ಹೇಳುವ ತನಕ ಕಾಯಬೇಡಿ. ಗೋಡೆಯ ಮೇಲಿನ ಫೋಟೊ ಇಳಿಸಿ, ಹಿಂದೆ ಹೆಸರು, ಗಣಿ, ದಿನ ಮೂರನ್ನೂ ಇವತ್ತೇ ಬರೆದಿಡಿ.