ಎಂಥಾ ಸೌಂಡು ಸಾರ್?

ಗ್ಯಾರೇಜಿಗೆ ಹೋದ ಮನುಷ್ಯ ಮರ್ಯಾದೆ ಉಳಿಸಿಕೊಂಡು ಬರುವುದು ಕಷ್ಟ. ಬ್ರೇಕ್ ಹಿಡಿಯುತ್ತಿಲ್ಲ, ದೀಪ ಉರಿಯುತ್ತಿಲ್ಲ ಎಂಬ ದೂರಾದರೆ ಮಾತಿನಲ್ಲೇ ಮುಗಿಯುತ್ತದೆ. ಇಂಜಿನ್ನಿನಲ್ಲಿ ಸದ್ದು ಬರ್ತಿದೆ ಎಂದಿರೋ, ಮೇಸ್ತ್ರಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳುತ್ತಾರೆ: "ಎಂಥಾ ಸೌಂಡು ಸಾರ್?" ಅಲ್ಲಿಂದ ಮುಂದೆ ಅಭಿನಯವೇ ಗತಿ. ಬ್ಯಾಂಕಿನ ಮ್ಯಾನೇಜರೊಬ್ಬರು ಗ್ರೀಸು ಮೆತ್ತಿದ ನೆಲದ ಮೇಲೆ ನಿಂತು, ಟೈ ಸರಿಪಡಿಸಿಕೊಂಡು, "ಟೊಕ್ ಟೊಕ್ ಟೊಕ್" ಎಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ನಾನು ಸಾಲ ಕೇಳಲು ಹೋದಾಗ ಅದೇ ಬಾಯಿಂದ ಹೊರಟದ್ದು ಬರೀ "ನೋಡೋಣ".

ನಮ್ಮ ಮೇಸ್ತ್ರಿ ನಗುವುದಿಲ್ಲ. ಅವರ ಪಾಲಿಗೆ ಒಂದೊಂದು ಸದ್ದಿಗೂ ಒಂದೊಂದು ವಿಳಾಸ. ಮೇಲುಗಡೆಯಿಂದ ಸಣ್ಣಗೆ ಟಿಕಿಟಿಕಿ ಎಂದರೆ ಟ್ಯಾಪೆಟ್. ತಳದಿಂದ ದಪ್ಪಗೆ ಟೊಕ್ ಟೊಕ್ ಎಂದು, ಆಕ್ಸಿಲರೇಟರ್ ಒತ್ತಿದಷ್ಟೂ ಜೋರಾದರೆ ಕನೆಕ್ಟಿಂಗ್ ರಾಡಿನ ಬೇರಿಂಗ್. ಅಂದರೆ ಇಂಜಿನ್ ಇಳಿಸಬೇಕು, ಅಂದರೆ ಆ ತಿಂಗಳು ಮನೆಯಲ್ಲಿ ಹೊಸ ಸೀರೆಯ ಸುದ್ದಿ ಎತ್ತುವಂತಿಲ್ಲ. ಏರಿನಲ್ಲಿ ಮಾತ್ರ ಚಿಟಚಿಟ ಎಂದರೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತಿದೆ. ಬೆಳಗಿನ ಚಳಿಗೆ ಲೊಟಲೊಟ ಎಂದು, ಬಿಸಿಯಾಗುತ್ತಲೇ ನಿಂತರೆ ಸವೆದ ಪಿಸ್ಟನ್ನು ಸಿಲಿಂಡರಿನ ಗೋಡೆಗೆ ಬಡಿಯುತ್ತಿದೆ. ಮಾಲೀಕನ ಮಾನ ಕಳೆಯುವುದರಲ್ಲಿ ಇದನ್ನು ಮೀರಿಸಿದ ರೋಗವಿಲ್ಲ. ಮನೆಯಂಗಳದಲ್ಲಿ ಬೀದಿಗೆಲ್ಲ ಕೇಳುವಂತೆ ಬಡಿದುಕೊಂಡ ಇಂಜಿನ್ನು ಗ್ಯಾರೇಜು ಮುಟ್ಟುವಷ್ಟರಲ್ಲಿ ಬಿಸಿಯೇರಿ, ಪಿಸ್ಟನ್ ಹಿಗ್ಗಿ, ಸಂದು ಮುಚ್ಚಿ, ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ತೆಪ್ಪಗಿರುತ್ತದೆ. ಕಾರನ್ನು ರಾತ್ರಿ ಅಲ್ಲೇ ಬಿಟ್ಟು, ಬಸ್ಸು ಹಿಡಿದು ಬರುವುದೊಂದೇ ದಾರಿ.

ನಮ್ಮದು ಮೂರು ಸಿಲಿಂಡರಿನ, ಕಾರ್ಬ್ಯುರೇಟರ್ ಕಾಲದ ಪುಟ್ಟ ಕಾರು. ಉಡುಪಿಯಿಂದ ವಾಪಸಾಗುತ್ತಾ ಸೋಮೇಶ್ವರದ ಕಡೆಯಿಂದ ಆಗುಂಬೆಯ 14 ತಿರುವುಗಳನ್ನು ಏರುತ್ತಿದ್ದಾಗ ಹೆಂಡತಿ, "ಏನೋ ಚಿಟಚಿಟ ಅಂತಿದೆಯಲ್ರೀ" ಎಂದಳು. ನಾನು ರೇಡಿಯೋ ಜೋರು ಮಾಡಿದೆ. ವಾಹನದ ಸದ್ದಿಗೆ ಗಂಡಸರು ಕಂಡುಕೊಂಡಿರುವ ಮೊದಲ ಚಿಕಿತ್ಸೆ ಅದೇ. ಊರು ಸೇರಿದ ಮೇಲೆ ಪಕ್ಕದ ಮನೆಯ ನಿವೃತ್ತ ಬಸ್ ಚಾಲಕರು ಬಾನೆಟ್ ಎತ್ತಿಸಿ, ಕಣ್ಣು ಮುಚ್ಚಿ ಆಲಿಸಿ, "ಬೇರಿಂಗ್ ಹೋಗಿದೆ" ಎಂದು ತೀರ್ಪು ಕೊಟ್ಟರು. ಭಾವಮೈದ ಬಂಕ್ ಬದಲಾಯಿಸಿ ಎಂದ. ಮಾವನವರು ಇಂಜಿನ್ ಚಾಲೂ ಇದೆ ಎಂಬುದನ್ನೇ ಒಪ್ಪಲಿಲ್ಲ. ಅವರ ಕಿವಿಯ ಮಿಷನ್ನು ಒಳಗೆ ಮೇಜಿನ ಮೇಲಿತ್ತು.

ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೊತ್ತಿಕೊಂಡರು. ಆಮೇಲೆ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಹಾಕಿದರು. ಬೇರಿಂಗ್ ಸದ್ದಾಗಿದ್ದರೆ, ಆ ಸಿಲಿಂಡರಿನ ಕಿಡಿ ತಪ್ಪಿಸಿದೊಡನೆ ರಾಡಿನ ಹೊರೆ ಇಳಿದು ಸದ್ದು ಮೆತ್ತಗಾಗಬೇಕು. ಆಗಲಿಲ್ಲ. ಮೇಲಾಗಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಅದು ತಟ್ಟುತ್ತಿದ್ದದ್ದು ಒಂದೇ ಸಲ. ಪಕ್ಕದ ಮನೆಯವರು ಕೇಳಿದ್ದು ಬರೀ ಟ್ಯಾಪೆಟ್. ಊರ ಹೊರಗಿನ ದಿಬ್ಬಕ್ಕೆ ಕಾರು ಹತ್ತಿಸಿದಾಗಲೇ ಅಸಲಿ ಚಿಟಚಿಟ ಬಾಯಿಬಿಟ್ಟಿದ್ದು. "ನಾಕಿಂಗ್ ಸಾರ್. ಕಿಡಿ ಬೇಗ ಹಾರ್ತಿದೆ, ಟೈಮಿಂಗ್ ಮುಂದೆ ಹೋಗಿದೆ."

ಈ ನಾಕಿಂಗ್ ಅಮೆರಿಕದ ಇಂಜಿನಿಯರುಗಳ ನಿದ್ದೆಯನ್ನೇ ಕೆಡಿಸಿತ್ತು. ಪ್ಲಗ್ಗಿನಿಂದ ಹೊರಟ ಬೆಂಕಿ ಬಂದು ತಲುಪುವ ಮುಂಚೆಯೇ ಮೂಲೆಯಲ್ಲುಳಿದ ಪೆಟ್ರೋಲೂ ಗಾಳಿಯೂ ಒತ್ತಡಕ್ಕೂ ಬಿಸಿಗೂ ತಾಳದೆ ತಾವೇ ಸಿಡಿದುಬಿಡುತ್ತವೆ. ಹಾಗೇ ಬಿಟ್ಟರೆ ಪಿಸ್ಟನ್ನಿಗೆ ತೂತು ಬಿದ್ದೀತು. ಜನರಲ್ ಮೋಟರ್ಸಿನ ಥಾಮಸ್ ಮಿಡ್‌ಗ್ಲಿ ಮದ್ದು ಹುಡುಕುತ್ತಾ ಅಯೋಡಿನ್, ಅನಿಲಿನ್ ದಾಟಿ ಬೆಳ್ಳುಳ್ಳಿ ನಾತದ ಟೆಲ್ಲೂರಿಯಂವರೆಗೆ ಹೋದರು. ಕೊನೆಗೆ 1921ರ ಡಿಸೆಂಬರಿನಲ್ಲಿ ಕೈಹಿಡಿದದ್ದು ಸೀಸದ ಸಂಯುಕ್ತ. ತುಸು ಬೆರೆಸಿದರೆ ಸಾಕು, ಸಿಡಿತ ಬಂದ್. 1923ರಲ್ಲಿ ಸೀಸದ ವಿಷವೇರಿ ಮಿಡ್‌ಗ್ಲಿಯೇ ರಜೆ ಹಾಕಬೇಕಾಯಿತು. ಆದರೂ ಜಗತ್ತು ಅದನ್ನೇ ದಶಕಗಟ್ಟಲೆ ಸುಟ್ಟಿತು. ನಮ್ಮ ದೇಶದ ಬಂಕುಗಳಿಂದ ಸೀಸ ತೊಲಗಿದ್ದು 2000ದಲ್ಲಿ. ಅದರೆದುರು ನಾನು ರೇಡಿಯೋ ಜೋರು ಮಾಡಿದ್ದು ಎಷ್ಟೋ ಸಾತ್ವಿಕ ಉಪಾಯ. ಈಗಿನ ಕಾರುಗಳಲ್ಲಿ ಇಂಜಿನ್ನಿಗೇ ಕಿವಿ ಅಂಟಿಸಿರುತ್ತಾರೆ. ನಾಕ್ ಸೆನ್ಸರ್ ಸಿಡಿತ ಕೇಳಿಸಿಕೊಂಡ ಕೂಡಲೇ ಟೈಮಿಂಗ್ ತಾನಾಗಿ ಹಿಂದಕ್ಕೆ ಸರಿಯುತ್ತದೆ, ಮಾಲೀಕನಿಗೆ ಗೊತ್ತೂ ಆಗುವುದಿಲ್ಲ. ನಮ್ಮ ಕಾರಿಗೆ ಆ ಕೆಲಸ ಮಾಡುವವಳು ಎಡಗಡೆ ಸೀಟಿನಲ್ಲಿ ಕೂತಿರುತ್ತಾಳೆ, ಮತ್ತು ನನಗೆ ಗೊತ್ತಾಗದೇ ಇರುವುದಿಲ್ಲ.

ಮೇಸ್ತ್ರಿ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ, ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಬಿಗಿದರು. ಅಷ್ಟೇ. ಆ ಸದ್ದನ್ನು ಅಷ್ಟು ದೂರದಿಂದ ಹೊತ್ತು ತಂದವನಿಗೆ ಅವಮಾನವಾದಂತಾಯಿತು. ಇಂಜಿನ್ ಇಳಿಸುವಷ್ಟಲ್ಲದಿದ್ದರೂ ಮರ್ಯಾದಸ್ತರಿಗೆ ಒಪ್ಪುವಂಥ ಒಂದು ಬಿಲ್ಲಾದರೂ ಬೇಡವೇ? "ಏರಲ್ಲಿ ಗೇರ್ ಇಳಿಸೋಕೆ ಸೋಮಾರಿತನ ಮಾಡ್ಬೇಡಿ ಸಾರ್" ಎಂಬ ಬುದ್ಧಿಮಾತು ಪುಕ್ಕಟೆ. ನನ್ನ ಮುಖ ನೋಡಿಯೋ ಏನೋ, ಇಂಜಿನ್ ಆರಿದ ಮೇಲೆ ಫೀಲರ್ ಗೇಜ್ ತೂರಿಸಿ ಟ್ಯಾಪೆಟ್ಟನ್ನೂ ಅಡ್ಜಸ್ಟ್ ಮಾಡಿದರು. ಆದರೂ ಸಣ್ಣಗೆ ಟಿಕಿಟಿಕಿ ಉಳಿಯಿತು.

"ಅಷ್ಟು ಇರ್ಲೇಬೇಕು ಸಾರ್. ಪೂರಾ ಬಿಗಿ ಮಾಡಿದ್ರೆ ವಾಲ್ವ್ ಸರಿಯಾಗಿ ಮುಚ್ಚಲ್ಲ, ಸುಟ್ಟು ಹೋಗುತ್ತೆ."

ಈ ಶಾಸ್ತ್ರವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಮನೆ ಮುಟ್ಟಿದೆ. ಹೆಂಡತಿ ಗೇಟು ತೆಗೆದವಳೇ, "ಇನ್ನೂ ಟಿಕಿಟಿಕಿ ಅಂತಿದೆ" ಎಂದಳು.

"ಅದು ಬೇಕು ಅಂತಲೇ ಬಿಟ್ಟಿರೋದು."

"ಯಾರು ಹೇಳಿದ್ದು?"

"ಮೇಸ್ತ್ರಿ."

"ರಿಪೇರಿ ಮಾಡಿದವರನ್ನೇ ಕೇಳಿದ್ರೆ ಇನ್ನೇನು ಹೇಳ್ತಾರೆ?" ಎಂದು, ಪಕ್ಕದ ಮನೆಯವರನ್ನು ಕರೆತರಲು ಹೊರಟೇಬಿಟ್ಟಳು.