ಅಬಾಚನ ವಿಧವೆಯೂ ನಮ್ಮ ಭಾವಯ್ಯನೂ

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕಿನಲ್ಲಿ ನೀವು ಯಾವ ಬಸ್ಸಿನಿಂದ ಎಲ್ಲಿ ಇಳಿದರೂ ಒಬ್ಬ ಭಾವಯ್ಯ ಸಿಗುತ್ತಾರೆ. ಪ್ರಾಯ ಅರುವತ್ತೈದರ ಆಚೀಚೆ. ಮೂರ್ನಾಲ್ಕು ಎಕ್ರೆ ಅಡಿಕೆ ತೋಟ, ಮಗ ಬೆಂಗಳೂರಿನಲ್ಲಿ, ಮಗ ಬೇಡವೆಂದು ಬಿಟ್ಟುಹೋದ ಲ್ಯಾಪ್‌ಟಾಪ್ ಮನೆಯಲ್ಲಿ. ಸೊಸೈಟಿಯ ಮಾಜಿ ನಿರ್ದೇಶಕರು, ಬ್ರಹ್ಮಕಲಶ ಸಮಿತಿಯ ಹಾಲಿ ಖಜಾಂಚಿ. ಬೆಳಿಗ್ಗೆ ಪೇಪರಿನಲ್ಲಿ ಮೊದಲು ಅಡಿಕೆ ಧಾರಣೆ, ಮತ್ತೆ ಶ್ರದ್ಧಾಂಜಲಿಯ ಪುಟ. ಅದು ಮುಗಿದರೆ ಈಮೇಲಿನ ಸ್ಪ್ಯಾಮ್. ಇನ್‌ಬಾಕ್ಸಿಗೆ ಅವರು ಇಣುಕುವುದೇ ಅಪರೂಪ. "ಅದರಲ್ಲಿ ಎಂತ ಉಂಟು ಮಾರಾಯಾ, ಬರೀ ಕರೆಂಟು ಬಿಲ್ಲು. ಸಾಹಿತ್ಯ ಇರುವುದೆಲ್ಲ ಸ್ಪ್ಯಾಮಿನಲ್ಲಿ" ಎನ್ನುತ್ತಾರೆ.

ಈ ಮಾತು ಅಷ್ಟೇನೂ ತಮಾಷೆಯದಲ್ಲ. ನೈಜೀರಿಯಾದ ಈಮೇಲ್ ವಂಚಕರಿಗೆ 2005ರಲ್ಲಿ ಸಾಹಿತ್ಯದ ಇಗ್ ನೊಬೆಲ್ ಕೊಟ್ಟಿದ್ದರು. ನೊಬೆಲನ್ನು ಅಣಕಿಸಲಿಕ್ಕೆಂದೇ ಇರುವ ಪ್ರಶಸ್ತಿ ಅದು. ಲಕ್ಷಾಂತರ ಓದುಗರಿಗೆ ಶ್ರೀಮಂತ ಪಾತ್ರಗಳನ್ನು ಪರಿಚಯಿಸಿದ ಕಥೆಗಾರರೆಂದು ಅವರನ್ನು ಹೊಗಳಿದ್ದರು. ಆ ಪಾತ್ರಗಳಲ್ಲಿ ಅಗ್ರಪೂಜೆ ಜನರಲ್ ಸಾನಿ ಅಬಾಚನಿಗೆ. ಆ ದೇಶವನ್ನು ಆಳುತ್ತಿದ್ದ ಸರ್ವಾಧಿಕಾರಿ, 1998ರ ಜೂನಿನಲ್ಲಿ ಸತ್ತ. ದೇಶದ ದುಡ್ಡು ನುಂಗಿದ್ದು ನಿಜ, ಅದರಲ್ಲಿ ಒಂದು ಪಾಲು ಸ್ವಿಸ್ ಬ್ಯಾಂಕುಗಳಿಂದ ಆಮೇಲೆ ವಾಪಸು ಬಂದದ್ದೂ ನಿಜ. ಅಷ್ಟು ನಿಜದ ಮೇಲೆ ಸಾವಿರಾರು ಮಂದಿ ಅವನ ವಿಧವೆಯಾಗಿ ನಮಗೆಲ್ಲ ಕಾಗದ ಬರೆದರು.

ಭಾವಯ್ಯ ಈ ಕಾಗದಗಳನ್ನು ಅಡಿಕೆಯ ಹಾಗೆ ಹೆಕ್ಕಿ ಬೇರೆ ಮಾಡುತ್ತಾರೆ. ಜನರಲ್, ಬ್ಯಾರಿಸ್ಟರ್, ವಿಧವೆ ಮೂವರೂ ಇದ್ದರೆ ಅದು ಹಳೇ ಚಾಲಿ. ಬರೀ ಲಾಟರಿ ಬಂದಿದೆ ಎನ್ನುವುದು ಪಟೋರ. ರಿಸರ್ವ್ ಬ್ಯಾಂಕಿನ ಗವರ್ನರೇ ಸಹಿ ಹಾಕಿ, ನಿಮ್ಮ ಹೆಸರಿನಲ್ಲಿ ಕೋಟಿ ಉಂಟು, ಆಧಾರ್ ಕಳುಹಿಸಿ ಎಂದು ಬರೆದರೆ ಅದು ಕರಿಗೋಟು. ಅದನ್ನು ಅವರು ಪೂರ್ತಿ ಓದುವುದೂ ಇಲ್ಲ. ತಾನು ಹಾಗೆ ಯಾರಿಗೂ ಬರೆಯುವುದಿಲ್ಲ, ಯಾರ ಖಾತೆಯನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ರಿಸರ್ವ್ ಬ್ಯಾಂಕು ಹೇಳಿ ಹೇಳಿ ಸೋತಿದೆ. ಅದನ್ನು ಈ ಪ್ರಾಂತ್ಯದಲ್ಲಿ ಸರಿಯಾಗಿ ಕೇಳಿಸಿಕೊಂಡವರು ಭಾವಯ್ಯ ಒಬ್ಬರೇ ಇರಬೇಕು.

ಒಳ್ಳೆಯ ಚಾಲಿ ಸಿಕ್ಕಿದ ದಿನ ಅದನ್ನು ಫೋನಿಗೆ ಇಳಿಸಿಕೊಂಡು ಪೇಟೆಗೆ ಬರುತ್ತಾರೆ. ಹೋಟೆಲಿನಲ್ಲಿ ಚಾ ಮತ್ತು ಬನ್ಸ್ ಮುಂದಿಟ್ಟುಕೊಂಡು, ಕನ್ನಡಕ ಮೂಗಿನ ತುದಿಗೆ ಜಾರಿಸಿ, ತಾಳಮದ್ದಳೆಯ ಅರ್ಥಧಾರಿಯ ಗತ್ತಿನಲ್ಲಿ ಶುರುಮಾಡುತ್ತಾರೆ: "ದೇವರಲ್ಲಿ ಪ್ರಿಯರಾದವರೇ, ನಾನು ಕಣ್ಣೀರಿನೊಂದಿಗೆ ಬರೆಯುತ್ತಿದ್ದೇನೆ. ನನ್ನ ಗಂಡ ಬಿಟ್ಟುಹೋದ ನಾಲ್ಕು ಕೋಟಿ ಡಾಲರ್ ಒಂದು ಟ್ರಂಕಿನಲ್ಲಿದೆ. ನೀವು ನಂಬಿಗಸ್ತರೆಂದು ಕೇಳಿ ತಿಳಿದಿದ್ದೇನೆ." ಇಲ್ಲಿ ನಿಲ್ಲಿಸಿ ಸುತ್ತ ನೋಡುತ್ತಾರೆ. "ಯಾರ ಹತ್ತಿರ ಕೇಳಿದಳು ಹೇಳು! ಸೊಸೈಟಿಯಲ್ಲಿ ಕೇಳಿದ್ದರೆ ಹಾಗೆ ಹೇಳುತ್ತಿರಲಿಲ್ಲ."

ಆಮೇಲೆ ಲೆಕ್ಕ. ಭಾವಯ್ಯನ ಪಾಲು ಶೇಕಡಾ 25, ಅಂದರೆ ಒಂದು ಕೋಟಿ ಡಾಲರ್. ಡಾಲರಿಗೆ 85 ಹಿಡಿದರೆ 85 ಕೋಟಿ ರೂಪಾಯಿ. ಅಲ್ಲಿಗೆ ಬಿಡುವವರಲ್ಲ, ರೂಪಾಯಿಯಲ್ಲಿ ಹೇಳಿದರೆ ಅವರಿಗೆ ದುಡ್ಡು ಕಣ್ಣಿಗೆ ಕಾಣುವುದಿಲ್ಲ. ಕಿಲೋಗೆ 500ರಂತೆ 17 ಲಕ್ಷ ಕಿಲೋ ಅಡಿಕೆ, 17 ಸಾವಿರ ಕ್ವಿಂಟಾಲ್. ಲಾರಿಗೆ ಹತ್ತು ಟನ್ ಹಾಕಿದರೆ 170 ಲಾರಿ. ಪುತ್ತೂರಿನ ಬೊಳುವಾರಿನಲ್ಲಿ ಹಿಡಿದ ಸಾಲು ದರ್ಬೆಯ ಹತ್ತಿರ ಮುಗಿದೀತು. "ಅಷ್ಟು ಅಡಿಕೆ ಒಟ್ಟಿಗೆ ಬಂದರೆ ಧಾರಣೆ ಬೀಳುತ್ತದೆ ಮಾರಾಯಾ, ನಂಗೆ ಬೇಡ!"

ಕೊನೆಗೆ ಬರುವುದು ಖರ್ಚಿನ ಬಾಬ್ತು. ವಕೀಲರ ಫೀಸಿಗೆ, ಸ್ಟಾಂಪಿಗೆ 950 ಡಾಲರ್ ಮುಂಗಡ ಕಳುಹಿಸಬೇಕು. ಇದಕ್ಕೇ ಕಾದಿದ್ದವರಂತೆ ಮೇಜು ಗುದ್ದುತ್ತಾರೆ. "85 ಕೋಟಿ ಕೊಡುವವಳಿಗೆ ಎಂಬತ್ತು ಸಾವಿರಕ್ಕೆ ಗತಿ ಇಲ್ಲವಾ? ಸೊಸೈಟಿಯಲ್ಲಿ ಸಾಲ ಕೊಡುವಾಗ ಷೇರಿನ ದುಡ್ಡು ಅದರಲ್ಲೇ ಹಿಡಿದುಕೊಳ್ಳುವುದಿಲ್ಲವಾ? ಇವಳಿಗೂ ಹಿಡಿದುಕೊಳ್ಳಲಿಕ್ಕೆ ಎಂತ ರೋಗ?" ಹೋಟೆಲಿಗೆ ಹೋಟೆಲೇ ನಗುತ್ತದೆ. ಈ ಪ್ರಶ್ನೆಗೆ ನೈಜೀರಿಯಾದವರ ಹತ್ತಿರವೂ ಉತ್ತರ ಇರಲಾರದು. ಮುಂಗಡ ಕೇಳುವ ವ್ಯವಹಾರವನ್ನು ಆ ದೇಶದವರು ತಮ್ಮ ದಂಡಸಂಹಿತೆಯ 419ನೇ ಕಲಮಿನ ಹೆಸರಿನಿಂದಲೇ ಕರೆಯುತ್ತಾರೆ, ನಾವು ನಾಮ ಹಾಕುವುದಕ್ಕೆ ನಾನೂರ ಇಪ್ಪತ್ತು ಎನ್ನುತ್ತಿದ್ದಂತೆ. ಒಂದೇ ನಂಬರಿನ ವ್ಯತ್ಯಾಸ. ಎರಡೂ ಬ್ರಿಟಿಷರು ಬಿಟ್ಟುಹೋದ ಆಸ್ತಿ.

ನೈಜೀರಿಯಾದವರನ್ನೇ ಯಾಕೆ ದೂರಬೇಕು? ಸ್ಪೇನಿನ ಜೈಲಿನಲ್ಲಿ ಸಾಹುಕಾರನೊಬ್ಬ ಸಿಕ್ಕಿಬಿದ್ದಿದ್ದಾನೆ, ಬಿಡಿಸಲಿಕ್ಕೆ ಸ್ವಲ್ಪ ದುಡ್ಡು ಕಳುಹಿಸಿದರೆ ಹೂತಿಟ್ಟ ನಿಧಿಯಲ್ಲಿ ಪಾಲು ಎಂಬ ಕಾಗದಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಅಂಚೆಯಲ್ಲಿ ಓಡಾಡಿದ್ದವು. ಘಟ್ಟದ ಮೇಲಿನಿಂದ ನಮ್ಮವರಿಗೆ ಈಗಲೂ ಫೋನು ಬರುತ್ತದೆ: "ಸ್ವಾಮೀ, ಮನೆಯ ಪಾಯ ತೋಡುವಾಗ ಚಿನ್ನದ ನಾಣ್ಯ ಸಿಕ್ಕಿದೆ, ಅರ್ಧ ಕ್ರಯಕ್ಕೆ ಕೊಡುತ್ತೇವೆ." ಒಂದೆರಡು ಅಸಲಿ ನಾಣ್ಯ ಕೈಗೆ ಕೊಟ್ಟು, ಅಕ್ಕಸಾಲಿಗನಿಗೆ ತೋರಿಸಿ ಬನ್ನಿ ಎಂದು ಅವರೇ ಕಳುಹಿಸುತ್ತಾರೆ. ಚೀಲ ತರಲು ಹೋದವರು ಹಿತ್ತಾಳೆ ಹೊತ್ತುಕೊಂಡು ಬರುತ್ತಾರೆ. ಅದಕ್ಕೆ ಭಾವಯ್ಯ ನಗುವುದಿಲ್ಲ. ಯಾಕೆ ನಗುವುದಿಲ್ಲ ಎಂದು ನಾನೂ ಕೇಳಿಲ್ಲ, ಸಂಬಂಧ ಉಳಿಯಬೇಕಲ್ಲ.

ಕಡಬದ ಕಡೆಯ ಭಾವಯ್ಯನದು ಸ್ವಲ್ಪ ಬೇರೆ ಬಗೆ. ಅವರ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಗುಡ್ಡ ಹತ್ತಿ ಒಂದು ಗೇರು ಮರದ ಬುಡದಲ್ಲಿ ನಿಂತರೆ ಎರಡು ಕಡ್ಡಿ ಸಿಗುತ್ತದೆ. ಒಟಿಪಿ ಬರುವ ಹೊತ್ತಿಗೆ ಅದರ ಆಯುಷ್ಯ ಮುಗಿದಿರುತ್ತದೆ, ಆದ್ದರಿಂದ ಅವರನ್ನು ದೋಚಬೇಕಾದರೆ ವಂಚಕನೂ ಗುಡ್ಡ ಹತ್ತಬೇಕು.

ಹೀಗೆ ನಗುತ್ತ ಕಾಲ ಹೋಗುತ್ತಿದ್ದಾಗ ಪುತ್ತೂರಿನ ಭಾವಯ್ಯನ ಮಗ ಊರಿಗೆ ಬಂದವನು ತಣ್ಣೀರೆರಚಿದ. ಮೈಕ್ರೋಸಾಫ್ಟಿನ ಸಂಶೋಧಕ ಕಾರ್ಮಾಕ್ ಹರ್ಲಿ ಎಂಬವರು 2012ರಲ್ಲೇ ಈ ಕಾಗದಗಳ ಗುಟ್ಟು ಬರೆದಿದ್ದಾರಂತೆ. ಲಕ್ಷ ಜನಕ್ಕೆ ಕಾಗದ ಕಳುಹಿಸಲು ವಂಚಕನಿಗೆ ಖರ್ಚೇನೂ ಇಲ್ಲ. ಖರ್ಚಿರುವುದು ಉತ್ತರ ಬರೆದವರ ಹಿಂದೆ ವಾರಗಟ್ಟಲೆ ಬೀಳುವುದರಲ್ಲಿ. ಅರ್ಧ ದಾರಿ ಬಂದು, ಇದ್ಯಾಕೋ ಸಂಶಯ ಎಂದು ಕೈಬಿಡುವವನಿಂದ ಅವನಿಗೆ ನಷ್ಟ. ಹಾಗಾಗಿ ಬುದ್ಧಿ ಇದ್ದವನು ಮೊದಲ ಸಾಲಿಗೇ ನಕ್ಕು ಎದ್ದುಹೋಗಬೇಕೆಂದೇ ಕಾಗದವನ್ನು ಅಷ್ಟು ಅಸಂಬದ್ಧವಾಗಿ ಬರೆಯುವುದು.

ಭಾವಯ್ಯ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂದರೆ ನನ್ನನ್ನು ಅವರೇ ಬೇಡ ಅಂತ ಬಿಟ್ಟದ್ದಾ?" ಎಂದರು.

"ಹೌದಪ್ಪ."

"ಇಷ್ಟು ವರ್ಷ ನಕ್ಕದ್ದು ಅವರಿಗೆ ಉಪಕಾರ ಆಯಿತಾ?"

ಮಗ ತಲೆಯಾಡಿಸಿದ. ಅದರ ನಂತರ ಕೆಲವು ದಿನ ಅವರು ಪೇಟೆಗೆ ಬರಲಿಲ್ಲ. ಬಂದಾಗ ನಗು ಉಳಿದಿತ್ತು, ಆದರೆ ದಿಕ್ಕು ತಪ್ಪಿತ್ತು. ಕಂಡದ್ದಕ್ಕೆಲ್ಲ ನಗತೊಡಗಿದರು. ಡಿಜಿಟಲ್ ಅರೆಸ್ಟ್ ಎಂದು ಹಿಂದಿಯಲ್ಲಿ ಗದರಿಸಿದವನಿಗೆ ನಕ್ಕದ್ದು ಸರಿಯೇ. ಹಾಗೊಂದು ಅರೆಸ್ಟ್ ಕಾನೂನಿನಲ್ಲೇ ಇಲ್ಲವೆಂದು ಪ್ರಧಾನಿಯವರೇ 2024ರ ಅಕ್ಟೋಬರಿನಲ್ಲಿ ರೇಡಿಯೋದಲ್ಲಿ ಹೇಳಿದ್ದರು. ಆದರೆ ವಾಟ್ಸಾಪಿನಲ್ಲಿ ಬಂದ ಸೋದರಳಿಯನ ಮದುವೆ ಕಾಗದಕ್ಕೂ ನಕ್ಕರು. ಮದುವೆ ಕಾಗದದ ಹೆಸರಿನಲ್ಲಿ ಫೋನಿಗೆ ಕಳ್ಳ ಆಪ್ ಇಳಿಸುತ್ತಾರೆಂದು ಓದಿದ್ದರಲ್ಲ, ಒತ್ತದೆಯೇ ಅಳಿಸಿಬಿಟ್ಟರು. ಮದುವೆ ಮುಗಿದ ಮೇಲೆ ತಂಗಿ ಮಾತು ಬಿಟ್ಟಳು. ಹವಾಮಾನ ಆಧಾರಿತ ಬೆಳೆ ವಿಮೆಯ ದುಡ್ಡು ಖಾತೆಗೆ ಜಮೆಯಾಗಿದೆ ಎಂಬ ಮೆಸೇಜಂತೂ ಹೋಟೆಲಿನಲ್ಲಿ ದೊಡ್ಡ ಪ್ರಹಸನವೇ ಆಯಿತು. "ಮಳೆ ಬಂದದ್ದಕ್ಕೆ ದುಡ್ಡು ಕೊಡುತ್ತಾರಂತೆ, ಹಹ್ಹಾ!" ತಿಂಗಳು ಕಳೆದು ಅಕ್ಕ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ದುಡ್ಡು ನಿಜವಾಗಿ ಬಂದು ಕೂತಿತ್ತು.

ಸುಳ್ಯದ ಭಾವಯ್ಯ ಈ ಇಬ್ಬರಿಗಿಂತಲೂ ಜೋರಾಗಿ ನಗುವವರು. ಆದರೆ ಅವರ ತೋಟಕ್ಕೆ ಹಳದಿ ಎಲೆ ರೋಗ ಬಂದಿದೆ. ಸಂಪಾಜೆ, ಅರಂತೋಡು ಕಡೆ ತೋಟಕ್ಕೆ ತೋಟವೇ ಹೋಗಿದೆ. ಸೋಗೆ ಹಳದಿಯಾಗುತ್ತದೆ, ಅಡಿಕೆಯ ಒಳಗೆ ಕಪ್ಪು, ಮರದ ತಲೆ ಸಣ್ಣದಾಗುತ್ತ ಬರುತ್ತದೆ. ಬಂದ ರೋಗವನ್ನು ವಾಸಿ ಮಾಡುವ ಮದ್ದಿಲ್ಲ ಎಂದು ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯ ವಿಜ್ಞಾನಿಗಳು ಕೇಳಿದವರಿಗೆಲ್ಲ ಹೇಳಿಯಾಗಿದೆ. ಆ ಮಾತು ಭಾವಯ್ಯನಿಗೂ ಬಾಯಿಪಾಠ.

ಒಂದು ಮಧ್ಯಾಹ್ನ ಸ್ಕೂಟರಿನಲ್ಲಿ ಒಬ್ಬ ಹುಡುಗ ಬಂದ. ಇಸ್ತ್ರಿ ಹಾಕಿದ ಅಂಗಿ, ಬ್ಯಾಗಿನಲ್ಲಿ ಕಂದು ಬಣ್ಣದ ದ್ರಾವಣದ ಬಾಟಲಿ. ಅಂಗಳದ ಹೊರಗೇ ಚಪ್ಪಲಿ ಬಿಟ್ಟ. ಕೊಟ್ಟ ಮಜ್ಜಿಗೆಯನ್ನು ಲೋಟ ಕಚ್ಚದೆ ಎತ್ತಿ ಕುಡಿದ. ಬುಡಕ್ಕೆ ಮೂರು ಸಲ ಹೊಯ್ದರೆ ಹಳದಿ ಹೋಗಿ ಹಸುರಾಗುತ್ತದೆ, ಈಗ ಬುಕ್ಕಿಂಗಿಗೆ ಎರಡು ಸಾವಿರ ಕೊಟ್ಟರೆ ಸಾಕು ಎಂದ. ಮಿಲಿಯನ್ ಇಲ್ಲ, ಡಾಲರ್ ಇಲ್ಲ, ಕಣ್ಣೀರಿಲ್ಲ. ನಗಲಿಕ್ಕೆ ಒಂದು ಎಡೆಯೂ ಇರಲಿಲ್ಲ.

ಒಳಗಿನಿಂದ ಅಕ್ಕ ಕೇಳಿದರು, "ಈಗ ಯಾಕೆ ಕೊಡುವುದು? ಹಸುರಾಗಿ ಫಸಲು ಬಂದ ಮೇಲೆ ಅದರಲ್ಲೇ ಹಿಡಿದುಕೊಳ್ಳಲಿ."

ಭಾವಯ್ಯನಿಗೆ ಸಿಟ್ಟು ಬಂತು. "ನೀನು ಸುಮ್ಮನಿರು ಮಾರಾಯ್ತಿ! ಇವ ಎಂತ ನೈಜೀರಿಯಾದವನಾ? ಇವನ ಅಜ್ಜನ ಮನೆ ಬೆಳ್ಳಾರೆ!"

ದುಡ್ಡು ಎಣಿಸಿ ಕೊಟ್ಟರು. ರಸೀದಿ ಕೇಳಲಿಲ್ಲ. ಅಜ್ಜನ ಮನೆ ಬೆಳ್ಳಾರೆಯಾದವನ ಹತ್ತಿರ ರಸೀದಿ ಕೇಳುವುದು ಮರ್ಯಾದೆಯಲ್ಲವಂತೆ.