ತಳ ಚಪ್ಪಟಿ ಪರವಲಯ

ಹಿಂದಿನ ಎಸ್ಸೆಸ್ಸೆಲ್ಸಿಯೊಳಗ ಬೈಲಹೊಂಗಲ, ಕಿತ್ತೂರು ಕಡೆ ಹುಡುಗರಿಗೆ ವರ್ಗಸಮೀಕರಣದ ನಕ್ಷೆ ಅಂದ್ರ ಪಾಸಾಗೋ ದಾರಿ. ಎಕ್ಸ್ ವರ್ಗ, ಕಳೆ ಎಕ್ಸ್, ಕಳೆ 2 ತಗೋರಿ. ಎಕ್ಸ್‌ಗೆ −2ರಿಂದ 3ರ ತನಕ ಬೆಲೆ ಹಾಕಿದ್ರ ವೈ 4, 0, −2, −2, 0, 4. ಋಣದ ವರ್ಗಾನೂ ಋಣ ಅನ್ನೋ ಮಹಾನುಭಾವರು ಇಲ್ಲೇ ದಾರಿ ತಪ್ಪತಿದ್ರು. ಉಳಿದವರು ತಳದಾಗ ಬೀಳತಿದ್ರು: ಎರಡು −2 ಕಂಡಕೂಡಲೇ ಪಟ್ಟಿ ಇಟ್ಟು ಗೆರಿ ಎಳದು, ಪರವಲಯಾನ ಸವದತ್ತಿ ಯಲ್ಲಮ್ಮನ ಪಡ್ಡಲಗಿ ಬುಟ್ಟಿ ಮಾಡಿಬಿಡತಿದ್ರು! ಖರೇ ತಳ ಎಕ್ಸ್ ಅರ್ಧ ಇದ್ದಾಗ, −2.25ರಾಗ. ಅಲ್ಲಿ ಪೆನ್ಸಿಲ್ ಚೂಪು ಮಾಡಿ, ಉಸರು ಹಿಡದು, ಬರೀ ಕೈಲೆ ತಿರುವಬೇಕಿತ್ತು. ಗೆರಿ ಎಕ್ಸ್ ಅಕ್ಷ ದಾಟೋ −1, 2 ಉತ್ತರ. ಈಗ ನಕ್ಷೆ ಪ್ರಶ್ನೆಗೆ ಎರಡು ಸರಳರೇಖೆ ಬಂದಾವ. ಕಡೀಕ ಪಟ್ಟೀನ ಗೆದ್ದತು ನೋಡ್ರಿ.